ಕನ್ನಡದ ಪುಟಕ್ಕೆ ಯಾವ ಪರದೆ?

ಪರದೆಯ ಮೇಲೆ ಪುಸ್ತಕ ಓದುವವರಿಗೆ ಇಂದು ಎರಡು ಬಗೆಯ ಸಾಧನಗಳಿವೆ. ಓದಿಸುವುದನ್ನು ಬಿಟ್ಟು ಬೇರೇನನ್ನೂ ಮಾಡದ ಇ-ರೀಡರ್ ಒಂದು. ಕರೆ, ಹಣ ಪಾವತಿ, ಸಿನಿಮಾ, ಸುದ್ದಿಗಳ ನಡುವೆ ಓದಿಗೂ ಒದಗುವ ಮೊಬೈಲ್, ಟ್ಯಾಬ್, ಕಂಪ್ಯೂಟರ್ ಇನ್ನೊಂದು. ಚಾಮರಾಜನಗರ, ಗುಂಡ್ಲುಪೇಟೆಯಂಥ ಊರುಗಳಲ್ಲಿ ಎರಡನೆಯದು ಮನೆಮನೆಯಲ್ಲೂ ಇದೆ. ಮೊದಲನೆಯದನ್ನು ಕಣ್ಣಾರೆ ಕಂಡವರೇ ಕಡಿಮೆ. ಬೆಲೆ ಇದಕ್ಕೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕನ್ನಡ ಪುಸ್ತಕ ಡಿಜಿಟಲ್ ರೂಪಕ್ಕೆ ಬಂದ ದಾರಿಯಲ್ಲಿದೆ. ಇಂಗ್ಲಿಷ್ ಓದುಗರಿಗಾಗಿ ಬರೆದ ಸಲಹೆಗಳನ್ನು ನಂಬಿ ಇ-ರೀಡರ್ ಕೊಂಡವರಿಗೆ, ಕನ್ನಡದ ಪುಟ ತೆರೆದಾಗ ಎದುರಾಗುವ ತೊಡಕುಗಳು ಆ ಸಲಹೆಗಳಲ್ಲಿ ಇರುವುದೇ ಇಲ್ಲ.

ಇ-ರೀಡರ್‌ನ ಪರದೆ ಉರಿಯುವ ಪರದೆಯಲ್ಲ. ಅದರೊಳಗೆ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯಲ್ಲೂ ತಿಳಿಯಾದ ದ್ರವ, ಅದರಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಬಿಳಿ ಕಣಕ್ಕೆ ಒಂದು ವಿದ್ಯುದಂಶವಾದರೆ ಕಪ್ಪಿಗೆ ಅದರ ವಿರುದ್ಧದ್ದು. ಕೆಳಗಿನ ಪದರದಿಂದ ವಿದ್ಯುತ್ ಕ್ಷೇತ್ರ ಕೊಟ್ಟಾಗ ಬೇಕಾದ ಬಣ್ಣದ ಕಣಗಳು ಮೇಲಕ್ಕೆ ಬಂದು ನಿಂತು ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ಹಾಗೆಯೇ ಉಳಿಯಲು ವಿದ್ಯುತ್ ಬೇಡ, ಪುಟ ತಿರುವಿದಾಗ ಮಾತ್ರ ಬೇಕು. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಜೋಸೆಫ್ ಜೇಕಬ್‌ಸನ್ ಮತ್ತು ಅವರ ಜೊತೆಗಿದ್ದ ವಿದ್ಯಾರ್ಥಿಗಳು ರೂಪಿಸಿದ ಈ ತಂತ್ರವನ್ನು ಮಾರುಕಟ್ಟೆಗೆ ತರಲು 1997ರಲ್ಲಿ ‘ಇ ಇಂಕ್’ ಕಂಪನಿ ಹುಟ್ಟಿತು. 2004ರಲ್ಲಿ ಸೋನಿ ಜಪಾನಿನಲ್ಲಿ ಇಂಥ ಪರದೆಯ ಮೊದಲ ಓದುಯಂತ್ರವನ್ನು ಮಾರಿತು. 2007ರ ನವೆಂಬರ್‌ನಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಬಂದ ಮೇಲೆ ಇ-ರೀಡರ್ ಜನರ ಕೈಗೆ ತಲುಪಿತು. ಭಾರತದಲ್ಲಿ ಕಿಂಡಲ್‌ನ ಪುಸ್ತಕದಂಗಡಿ ತೆರೆದದ್ದು 2012ರ ಆಗಸ್ಟ್‌ನಲ್ಲಿ.

ಮೊಬೈಲ್ ಪರದೆಯ ರೀತಿ ಬೇರೆ. ಎಲ್‌ಸಿಡಿ ಪರದೆಯ ಹಿಂದೆ ದೀಪವಿರುತ್ತದೆ. ಒಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಎರಡರಲ್ಲೂ ಬೆಳಕು ನೇರವಾಗಿ ಕಣ್ಣಿಗೆ ಬರುತ್ತದೆ. ಇ-ರೀಡರ್‌ನಲ್ಲಿ ಹೊರಗಿನ ಬೆಳಕು ಪರದೆಗೆ ತಾಗಿ ಹಿಂದಿರುಗುತ್ತದೆ. ಹೀಗಾಗಿ ಬಿಸಿಲು ಹೆಚ್ಚಿದಷ್ಟೂ ಇ-ರೀಡರ್‌ನ ಅಕ್ಷರ ಸ್ಪಷ್ಟವಾಗುತ್ತದೆ, ಮೊಬೈಲ್‌ನದು ಮಂಕಾಗುತ್ತದೆ. ಗುಂಡ್ಲುಪೇಟೆಯ ಸುತ್ತ ಚೆಂಡುಹೂ, ಸೂರ್ಯಕಾಂತಿ ಅರಳಿ ನಿಂತ ಹೊಲಗಳ ಬದುವಿನ ಮೇಲೆ ನಡುಹಗಲಲ್ಲಿ ಮೊಬೈಲ್ ತೆರೆದರೆ ಅಕ್ಷರಕ್ಕಿಂತ ಓದುವವರ ಮುಖವೇ ಗಾಜಿನಲ್ಲಿ ಕಾಣುತ್ತದೆ. ಅದೇ ಬಿಸಿಲು ಇ-ರೀಡರ್‌ಗೆ ಸಹಾಯ. ಮಬ್ಬು ಬೆಳಕಿನಲ್ಲಿ ಇದು ತಿರುಗುಮುರುಗು. ಇ-ರೀಡರ್ ಪರದೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 40ರಷ್ಟನ್ನು ಮಾತ್ರ ಹಿಂದಿರುಗಿಸುವುದರಿಂದ ಅದರ ‘ಬಿಳಿ’ ನಿಜವಾಗಿ ಬೂದು. ಈ ಕೊರತೆ ತುಂಬಲು ಈಗಿನ ಸಾಧನಗಳಲ್ಲಿ ಅಂಚಿನ ಪುಟ್ಟ ದೀಪಗಳಿಂದ ಪರದೆಯ ಮೇಲ್ಮೈಗೆ ಬೆಳಕು ಹರಡುವ ಏರ್ಪಾಡಿದೆ. ಆ ಬೆಳಕು ಕಣ್ಣಿನತ್ತ ನೇರವಾಗಿ ಬಾರದೆ ಪುಟದ ಮೇಲೆ ಬೀಳುತ್ತದೆ.

ವಿದ್ಯುತ್ತಿನ ಲೆಕ್ಕದಲ್ಲಿ ಇ-ರೀಡರ್‌ಗೆ ಎದುರಾಳಿಯಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಹಳ್ಳಿಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮೊಬೈಲ್‌ನ ಚಾರ್ಜ್ ಉಳಿಸಿಕೊಳ್ಳುವುದು ಅಂಥ ಕಡೆ ಫೋನ್ ಕರೆಗೆ, ತುರ್ತಿಗೆ; ಕಾದಂಬರಿ ಓದಲು ಅದನ್ನು ಖರ್ಚು ಮಾಡಲು ಯಾರೂ ಮನಸ್ಸು ಮಾಡರು.

ಕಣ್ಣಿನ ಆಯಾಸದ ವಿಷಯದಲ್ಲಿ ಮಾರಾಟಗಾರರು ಹೇಳುವಷ್ಟು ಖಚಿತವಾಗಿ ವಿಜ್ಞಾನ ಹೇಳುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಎಲ್‌ಸಿಡಿ ಮತ್ತು ಇ-ಇಂಕ್ ಪರದೆಗಳ ನಡುವೆ ಆಯಾಸದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಎಲ್‌ಸಿಡಿಯಿಂದ ಕಣ್ಣು ಹೆಚ್ಚು ದಣಿಯಿತು. ಇ-ಇಂಕ್ ಕಾಗದಕ್ಕೆ ಹತ್ತಿರವಿತ್ತು. ಪರದೆಯ ಜಾತಿಯಷ್ಟೇ ಅಕ್ಷರದ ಗಾತ್ರ, ಕೋಣೆಯ ಬೆಳಕು, ಎವೆಯಿಕ್ಕದೆ ದಿಟ್ಟಿಸುವ ಅಭ್ಯಾಸ ಇವೂ ಕಣ್ಣನ್ನು ದಣಿಸುತ್ತವೆ. ನಿದ್ದೆಯ ವಿಷಯ ಇದಕ್ಕಿಂತ ಸ್ಪಷ್ಟ. ಹಾರ್ವರ್ಡ್‌ನ ಸಂಶೋಧಕರು 2014ರ ಕೊನೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಜನ ಕೆಲವು ರಾತ್ರಿ ಐಪ್ಯಾಡ್‌ನಲ್ಲಿ, ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲಿ ಓದಿದರು. ಐಪ್ಯಾಡ್ ಓದಿದ ರಾತ್ರಿಗಳಲ್ಲಿ ನಿದ್ದೆ ಬರಲು ಸುಮಾರು 10 ನಿಮಿಷ ತಡವಾಯಿತು. ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ತಗ್ಗಿತು. ಭಾಗವಹಿಸಿದವರು ಕಡಿಮೆ ಎಂಬುದನ್ನು ಮರೆಯಬಾರದು. ಆದರೂ ಮಲಗುವ ಮುಂಚಿನ ಓದಿಗೆ ಉರಿಯದ ಪರದೆ, ಅದರಲ್ಲೂ ದೀಪ ತಗ್ಗಿಸಿಟ್ಟ ಇ-ರೀಡರ್, ಮೇಲು ಎನ್ನಲು ಇಷ್ಟು ಸಾಕು.

ಓದಿದ್ದು ಮನಸ್ಸಿನಲ್ಲಿ ನಿಲ್ಲುವ ಪ್ರಶ್ನೆ ಇನ್ನೂ ಮುಖ್ಯವಾದದ್ದು. 2018ರಲ್ಲಿ ಪಾಬ್ಲೊ ಡೆಲ್ಗಾಡೊ ಮತ್ತು ಸಹೋದ್ಯೋಗಿಗಳು 2000ರಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು 1.7 ಲಕ್ಷಕ್ಕೂ ಹೆಚ್ಚು. ಮಾಹಿತಿಯ ಬರಹವನ್ನು ಓದುವಾಗ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಕಾಗದದಲ್ಲಿ ಓದಿದವರ ಗ್ರಹಿಕೆ ಪರದೆಯಲ್ಲಿ ಓದಿದವರದ್ದಕ್ಕಿಂತ ಚೆನ್ನಾಗಿತ್ತು. ಕಥೆ ಓದುವಾಗ ಆ ವ್ಯತ್ಯಾಸ ಕಾಣಲಿಲ್ಲ. ನಾರ್ವೆಯ ಆನ್ ಮಾಂಗನ್ ಮತ್ತು ಸಂಗಡಿಗರು 2019ರಲ್ಲಿ ಇ-ರೀಡರನ್ನೇ ಪರೀಕ್ಷೆಗೆ ಒಡ್ಡಿದರು. 50 ಯುವಜನರಲ್ಲಿ ಅರ್ಧದಷ್ಟು ಜನ 28 ಪುಟಗಳ ಪತ್ತೇದಾರಿ ಕಥೆಯೊಂದನ್ನು ಕಿಂಡಲ್‌ನಲ್ಲಿ, ಉಳಿದವರು ಮುದ್ರಿತ ಪುಸ್ತಕದಲ್ಲಿ ಓದಿದರು. ಕಥೆ ಎರಡೂ ಗುಂಪಿನವರಿಗೆ ಒಂದೇ ಮಟ್ಟದಲ್ಲಿ ಅರ್ಥವಾಗಿತ್ತು. ಯಾವ ಘಟನೆ ಮೊದಲು, ಯಾವುದು ನಂತರ ಎಂದು ಜೋಡಿಸಿ ಹೇಳುವಾಗ ಮಾತ್ರ ಕಾಗದದವರು ಮುಂದಿದ್ದರು. ಎಡಗೈಯಲ್ಲಿ ಓದಿ ಮುಗಿಸಿದ ಪುಟಗಳ ದಪ್ಪ, ಬಲಗೈಯಲ್ಲಿ ಉಳಿದ ಪುಟಗಳ ದಪ್ಪ ಅರಿವಿಲ್ಲದೆಯೇ ನೆನಪಿಗೆ ಆಧಾರವಾಗುತ್ತವೆ ಎಂಬುದು ಸಂಶೋಧಕರ ಊಹೆ.

ಈ ಫಲಿತಾಂಶ ಚಾಮರಾಜನಗರ ಸೀಮೆಯ ಓದಿಗೆ ನೇರವಾಗಿ ತಟ್ಟುತ್ತದೆ. ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ 1984ರಲ್ಲಿ ಪ್ರಕಟಿಸಿದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕುಸುಮಬಾಲೆ’ ಈ ಭಾಗದ ಆಡುಮಾತಿನಲ್ಲೇ ಹುಟ್ಟಿದ ಕಾದಂಬರಿ. ತೆಳು ಪುಸ್ತಕವಾದರೂ ಅದರಲ್ಲಿ ಕಾಲ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ, ಮನುಷ್ಯರ ಜೊತೆ ಮನುಷ್ಯರಲ್ಲದವೂ ಮಾತಾಡುತ್ತವೆ. ಇಂಥ ಕೃತಿಯ ಓದುಗ ಮತ್ತೆ ಮತ್ತೆ ಹಿಂದಿನ ಪುಟಕ್ಕೆ ಹೋಗಲೇಬೇಕು. ಕಾಗದದಲ್ಲಿ ಅದು ಬೆರಳಿನ ಕೆಲಸ. ಇ-ರೀಡರ್‌ನಲ್ಲಿ ಪುಟ ಬದಲಾಗುವಾಗ ಪರದೆ ಒಮ್ಮೆ ಮಿನುಗಿ, ಹಳೆಯ ಅಕ್ಷರದ ನೆರಳು ಉಳಿದು, ಹಿಂದುಮುಂದಿನ ಓಡಾಟ ನಿಧಾನವಾಗುತ್ತದೆ. ಮೊಬೈಲ್‌ನಲ್ಲಿ ಓಡಾಟ ಚುರುಕು. ಆದರೆ ಕಾದಂಬರಿ ಓದುತ್ತಿದ್ದಂತೆ ಪರದೆಯ ನೆತ್ತಿಯ ಮೇಲೆ ವಾಟ್ಸ್‌ಆ್ಯಪ್ ಸಂದೇಶ ಇಣುಕುತ್ತದೆ. ಕಷ್ಟಪಟ್ಟು ಹಿಡಿದ ಎಳೆ ತಪ್ಪುತ್ತದೆ. ಬೇರೇನನ್ನೂ ಮಾಡಲಾರದ ಇ-ರೀಡರ್‌ನ ಅಸಮರ್ಥತೆಯೇ ಇಲ್ಲಿ ಅದರ ಅತಿ ದೊಡ್ಡ ಗುಣ. ಸಾಹಿತ್ಯದ ಓದಿನ ಮಟ್ಟಿಗೆ ಇ-ರೀಡರ್ ಮೊಬೈಲ್‌ಗಿಂತ ಮೇಲು ಎಂದು ಹಿಂಜರಿಕೆಯಿಲ್ಲದೆ ಹೇಳಬಹುದು, ಬೇಕಾದ ಪುಸ್ತಕ ಅದರೊಳಗೆ ಇದ್ದರೆ.

ಕನ್ನಡದ ಕಷ್ಟ ಶುರುವಾಗುವುದೇ ಇಲ್ಲಿ. 2016ರ ಕೊನೆಯಲ್ಲಿ ಅಮೆಜಾನ್ ತನ್ನ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳಿದ್ದವು. ಕನ್ನಡ ಇರಲಿಲ್ಲ, ತೆಲುಗು, ಬಂಗಾಳಿಗಳೂ ಇರಲಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ದಕ್ಷಿಣಕ್ಕೆ ಹೋದರೆ ನೀಲಗಿರಿಯ ತಮಿಳು, ಪಶ್ಚಿಮಕ್ಕೆ ತಿರುಗಿದರೆ ವಯನಾಡಿನ ಮಲಯಾಳ. ಗಡಿಯಾಚೆಯ ಎರಡೂ ಭಾಷೆಗಳಿಗೆ ಸಿಕ್ಕ ಬಾಗಿಲು ಈಚೆಯ ಭಾಷೆಗೆ ಸಿಗದೆಹೋದದ್ದು ನೋವಿನ ಸಂಗತಿ. ದೇಶದಲ್ಲಿ ಎಲ್ಲಕ್ಕಿಂತ ಹೆಸರಾದ ಇ-ರೀಡರ್‌ನ ಅಂಗಡಿಯಲ್ಲಿ ಪ್ರಕಾಶಕರಿಗೆ ಜಾಗವಿಲ್ಲದಿದ್ದರೆ ಅವರು ಆ ಸಾಧನಕ್ಕೆಂದು ಪುಸ್ತಕ ಸಿದ್ಧಪಡಿಸುವ ಗೋಜಿಗೇ ಹೋಗುವುದಿಲ್ಲ.

ಲಿಪಿಯದು ಇನ್ನೊಂದು ತೊಡಕು. ‘ರಾಷ್ಟ್ರ’ದ ಎರಡನೆಯ ಅಕ್ಷರ ಕಣ್ಣಿಗೆ ಒಂದೇ ಗೊಂಚಲು, ಯುನಿಕೋಡ್‌ನಲ್ಲಿ ಅದು ಐದು ಸಂಕೇತಗಳ ಸಾಲು. ಷ, ವಿರಾಮ, ಟ, ವಿರಾಮ, ರ ಎಂಬ ಈ ಸಾಲನ್ನು ಓದಿ, ಯಾವುದು ಮೇಲೆ ನಿಲ್ಲಬೇಕು, ಯಾವುದು ಒತ್ತಾಗಿ ಕೆಳಗಿಳಿಯಬೇಕು ಎಂದು ತೀರ್ಮಾನಿಸುವ ತಂತ್ರಾಂಶ ಸಾಧನದೊಳಗೆ ಇರಬೇಕು. ಮೊಬೈಲ್‌ಗಳಲ್ಲಿ ಅದು ವರ್ಷಗಳಿಂದ ಇದೆ. ಎಲ್ಲ ಇ-ರೀಡರ್‌ಗಳಲ್ಲಿ ಇಲ್ಲ. ಇಲ್ಲದ ಕಡೆ ಒತ್ತುಗಳು ಚದುರುತ್ತವೆ, ಅರ್ಕಾವತ್ತು ಜಾಗ ತಪ್ಪುತ್ತದೆ, ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ. ಒತ್ತಕ್ಷರ ಸಾಲಿನ ಕೆಳಗಿಳಿಯುವುದರಿಂದ ಕನ್ನಡಕ್ಕೆ ಇಂಗ್ಲಿಷ್‌ಗಿಂತ ಹೆಚ್ಚು ಸಾಲಂತರ ಬೇಕು. ಪುಟಾಣಿ ಒತ್ತುಗಳು ಸ್ಪಷ್ಟವಾಗಿ ಕಾಣಲು ಚುಕ್ಕಿಗಳ ಸಾಂದ್ರತೆಯೂ ಬೇಕು. ಮೊದಲ ಕಿಂಡಲ್‌ನಲ್ಲಿ ಅಂಗುಲಕ್ಕೆ 167 ಚುಕ್ಕಿಗಳಿದ್ದವು, ಈಗಿನವುಗಳಲ್ಲಿ 300. ಕನ್ನಡವನ್ನು ಆರಾಮವಾಗಿ ಓದಬೇಕಾದರೆ 300ಕ್ಕಿಂತ ಕಡಿಮೆಯದನ್ನು ಕೊಳ್ಳದಿರುವುದೇ ಸರಿ. ಸ್ವಲ್ಪ ತಾಂತ್ರಿಕ ತಿಳಿವಳಿಕೆ ಇರುವವರು ಇ-ರೀಡರ್‌ಗೆ ಹೊರಗಿನಿಂದ ನೋಟೊ, ಲೋಹಿತ್‌ನಂಥ ಮುಕ್ತ ಕನ್ನಡ ಫಾಂಟ್ ಸೇರಿಸಿ, ಕೋರೀಡರ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡು ಕನ್ನಡ ಇ-ಪುಸ್ತಕ ಓದುತ್ತಾರೆ. ಪ್ರತಿ ಓದುಗರಿಂದಲೂ ಇಷ್ಟು ಶ್ರಮ ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಕಾಶಕರ ಕಡೆಯೂ ಗಂಟುಗಳಿವೆ. ಇ-ರೀಡರ್‌ಗೆ ಹೇಳಿ ಮಾಡಿಸಿದ ರೂಪ ಇ-ಪಬ್. ಅದರಲ್ಲಿ ಪಠ್ಯ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹರಡಿಕೊಳ್ಳುತ್ತದೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಆದರೆ ದಶಕಗಟ್ಟಲೆ ಕನ್ನಡ ಪುಸ್ತಕಗಳ ಡಿಟಿಪಿ ನಡೆದದ್ದು ಪೇಜ್‌ಮೇಕರ್‌ನಲ್ಲಿ, ನುಡಿ, ಶ್ರೀಲಿಪಿಯಂಥ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ. ಅಂಥ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಹೊದಿಸಿದ ಫಾಂಟ್‌ನಿಂದ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅದನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ಆದರೆ ತಿರುಗಿಸಿದ ಮೇಲೆ ಇಡೀ ಪುಸ್ತಕದ ಕರಡು ಮತ್ತೊಮ್ಮೆ ತಿದ್ದಬೇಕು. ಸಾವಿರ ಪ್ರತಿ ಮಾರಾಟವಾಗುವುದೇ ಕಷ್ಟವಿರುವ ಪುಸ್ತಕಕ್ಕೆ ಈ ಖರ್ಚನ್ನು ಸಣ್ಣ ಪ್ರಕಾಶಕರು ತಡೆಯಲಾರರು.

ಹೀಗಾಗಿ ಕನ್ನಡದ ಡಿಜಿಟಲ್ ಓದು ಎಂದರೆ ಹೆಚ್ಚಾಗಿ ಪಿಡಿಎಫ್ ಓದು. ಇಂಟರ್ನೆಟ್ ಆರ್ಕೈವ್‌ನಲ್ಲಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಜಾಲತಾಣದಲ್ಲಿ, ಸರ್ಕಾರಿ ಅಕಾಡೆಮಿಗಳ ತಾಣಗಳಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಪುಟಗಳ ಚಿತ್ರ. ಚಿತ್ರದ ಅಕ್ಷರವನ್ನು ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ. ಡೆಮಿ ಅಷ್ಟಮ ಆಕಾರದ ಪುಸ್ತಕದ ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಆರು ಅಂಗುಲದ ಇ-ರೀಡರ್‌ನ ಪರದೆ ಹೆಚ್ಚುಕಡಿಮೆ 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಪುಟವನ್ನು ಅದಕ್ಕೆ ತುರುಕಿದರೆ ಅಕ್ಷರ ಮುದ್ರಿತ ಗಾತ್ರದ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಉಳಿಯುತ್ತದೆ, ಒತ್ತುಗಳು ಕಲೆಸಿಹೋಗುತ್ತವೆ. ಮೊಬೈಲ್ ಇನ್ನೂ ಚಿಕ್ಕದು, ಆದರೆ ಅದರಲ್ಲಿ ಬೆರಳಿನಿಂದ ಹಿಗ್ಗಿಸಿ ಸರಿಸುವುದು ಸಲೀಸು. ಹತ್ತು ಅಂಗುಲದ ಟ್ಯಾಬ್‌ನಲ್ಲಿ ಪುಟ ಬಹುತೇಕ ಮೂಲದ ಗಾತ್ರದಲ್ಲೇ ಕಾಣುತ್ತದೆ. ಹಳೆಯ ಪುಸ್ತಕಗಳ ಓದುಗರಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ, ಶಾಸನ ಸಂಪುಟಗಳನ್ನು ನೋಡುವವರಿಗೆ ಟ್ಯಾಬ್ ಇಲ್ಲವೇ ಕಂಪ್ಯೂಟರೇ ತಕ್ಕ ಸಾಧನ. ಇಲ್ಲಿ ಇ-ರೀಡರ್ ಸೋಲುತ್ತದೆ.

ಪದ್ಯದ ಓದಿನಲ್ಲಿ ಪಿಡಿಎಫ್‌ಗೂ ಒಂದು ಮೇಲುಗೈ ಇದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ, ಯಳಂದೂರಿನ ಹೊನ್ನಮ್ಮ ರಚಿಸಿದ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿದೆ. ಸಾಂಗತ್ಯಕ್ಕೆ ನಾಲ್ಕು ಸಾಲು. ಇ-ಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದೊಡನೆ ಒಂದು ಸಾಲು ಮುರಿದು ಎರಡಾಗಿ, ನಾಲ್ಕು ಸಾಲಿನ ಪದ್ಯ ಆರೋ ಏಳೋ ಸಾಲಾಗಿ, ಹಾಡಿನ ಲಯ ಕಣ್ಣಿಗೆ ಸಿಗದಂತಾಗುತ್ತದೆ. ಮುರಿದ ಸಾಲನ್ನು ಒಳಸರಿಸಿ ತೋರಿಸುವ ಕ್ರಮವನ್ನು ಇ-ಪುಸ್ತಕ ಕಟ್ಟುವವರು ಮೊದಲೇ ಅಳವಡಿಸಬೇಕು. ಪುಟದ ಚಿತ್ರವೇ ಆಗಿರುವ ಪಿಡಿಎಫ್‌ನಲ್ಲಿ ಪದ್ಯದ ಆಕಾರ ಕೆಡುವುದಿಲ್ಲ.

ಹೊಸ ಪುಸ್ತಕಗಳ ದಾರಿ ಇತ್ತೀಚೆಗೆ ತೆರೆದಿದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಇ-ಪುಸ್ತಕಗಳು ಸಿಗುತ್ತವೆ. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್ ಬುಕ್ಸ್ ಇ-ಪುಸ್ತಕ, ಕೇಳುಪುಸ್ತಕ ಎರಡನ್ನೂ ಮಾರುತ್ತದೆ. ಇವು ಮುಖ್ಯವಾಗಿ ಮೊಬೈಲ್ ಆ್ಯಪ್‌ ಮೂಲಕ ಓದುವಂಥವು. ಕೊಂಡ ಪುಸ್ತಕವನ್ನು ಆ್ಯಪ್‌ನಿಂದ ತೆಗೆದು ಕಿಂಡಲ್‌ಗೆ ಹಾಕಿಕೊಳ್ಳಲು ಬರುವುದಿಲ್ಲ. ಕಳ್ಳಪ್ರತಿಗಳ ಭಯವಿರುವ ಪ್ರಕಾಶಕರಿಗೆ ಈ ಬೀಗ ಬೇಕು, ಅವರ ಆತಂಕಕ್ಕೆ ಕಾರಣವೂ ಇದೆ. ಫಲವಾಗಿ ಕನ್ನಡದ ಹೊಸ ಕಾದಂಬರಿಯ ಡಿಜಿಟಲ್ ಓದುಗರು ಮೊಬೈಲ್‌ಗೇ ಕಟ್ಟುಬಿದ್ದಿದ್ದಾರೆ. ನಡುದಾರಿಯೊಂದಿದೆ: ಬೂಕ್ಸ್‌ನಂಥ ಕಂಪನಿಗಳು ಮಾಡುವ, ಇ-ಇಂಕ್ ಪರದೆಯಿದ್ದೂ ಆಂಡ್ರಾಯ್ಡ್‌ನಲ್ಲಿ ನಡೆಯುವ ಸಾಧನಗಳು. ಇವುಗಳಲ್ಲಿ ಕನ್ನಡ ಆ್ಯಪ್‌ಗಳನ್ನು ಹಾಕಿಕೊಂಡು ಕಾಗದದಂಥ ಪರದೆಯಲ್ಲಿ ಓದಬಹುದು. ಬೆಲೆ ಸಾಮಾನ್ಯ ಇ-ರೀಡರ್‌ಗಿಂತ ಹೆಚ್ಚು, ಬ್ಯಾಟರಿಯ ಬಾಳಿಕೆ ಕಡಿಮೆ. ಇಂದಿನ ಸ್ಥಿತಿಯಲ್ಲಿ ಬರೀ ಕನ್ನಡ ಓದಲೆಂದು ಇ-ರೀಡರ್ ಕೊಳ್ಳುವವರಿಗೆ ಸರಿಹೊಂದುವುದು ಈ ಬಗೆಯದೇ.

ಮೊಬೈಲ್‌ನ ಪರವಾಗಿ ಹೇಳಬೇಕಾದದ್ದು ಬಹಳವಿದೆ. ಓದುತ್ತಾ ಅರ್ಥವಾಗದ ಪದ ಸಿಕ್ಕರೆ, ವಿ. ಕೃಷ್ಣ ಅವರು ದಶಕಗಳ ಶ್ರಮದಿಂದ ಕಟ್ಟಿ ಮುಕ್ತವಾಗಿ ಕೊಟ್ಟ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಅಲ್ಲೇ ತೆರೆಯುತ್ತದೆ. ಅದರಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮನೆಯ ಕಪಾಟಿನಲ್ಲಿ ಇಲ್ಲದವರಿಗೆ ಇದು ದೊಡ್ಡ ಉಪಕಾರ. ಕಣ್ಣು ಕಾಣದವರಿಗಂತೂ ಮೊಬೈಲೇ ಗ್ರಂಥಾಲಯ. ಯುನಿಕೋಡ್ ಕನ್ನಡ ಪಠ್ಯವನ್ನು ಆಂಡ್ರಾಯ್ಡ್ ಫೋನ್ ಗಟ್ಟಿಯಾಗಿ ಓದಿ ಹೇಳುತ್ತದೆ. ಕನ್ನಡದಲ್ಲಿ ಈ ಸವಲತ್ತನ್ನು ಇ-ರೀಡರ್‌ನಿಂದ ನೆಚ್ಚಿಕೊಳ್ಳುವಂತಿಲ್ಲ. ಕೇಳುವ ಓದಿಗೆ ಚಾಮರಾಜನಗರ ಜಿಲ್ಲೆಯಲ್ಲಿ ಇನ್ನೊಂದು ಮಹತ್ವವೂ ಇದೆ. ಕಂಸಾಳೆಯವರ ಮಲೆ ಮಾದಪ್ಪನ ಕಥೆ, ನೀಲಗಾರರ ಮಂಟೇಸ್ವಾಮಿ ಕಥೆ ಮೂಲತಃ ಹಾಡಿಕೆಯಲ್ಲಿ ಬದುಕಿದ ಮಹಾಕಾವ್ಯಗಳು. ಸಂಗ್ರಹಕಾರರು ಅವನ್ನು ದಪ್ಪ ದಪ್ಪ ಗ್ರಂಥಗಳಾಗಿ ಅಚ್ಚು ಹಾಕಿಸಿದ್ದಾರೆ. ಅಚ್ಚಾದ ಪಠ್ಯವನ್ನೂ ಗಾಯಕರ ದನಿಯನ್ನೂ ಒಟ್ಟಿಗೆ ಕೊಡಬಲ್ಲದ್ದು ಬಹುಕೆಲಸದ ಪರದೆ ಮಾತ್ರ. ಅಚ್ಚಿನ ಸಾಲಿನಲ್ಲಿ ಸೊಲ್ಲಿನ ಪುನರಾವರ್ತನೆ ಬೇಸರವೆನಿಸಬಹುದು. ದನಿ ಸೇರಿದಾಗ ಅದೇ ಕಾವ್ಯದ ಉಸಿರು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ವಿಷಯ ಬೇಗ ಮುಗಿಯುವಂಥದ್ದು. ಪಿಡಿಒ, ಕಾನ್‌ಸ್ಟೆಬಲ್, ಶಿಕ್ಷಕರ ನೇಮಕಾತಿಗೆ ಸಿದ್ಧರಾಗುವವರ ಸಾಮಗ್ರಿಯೆಲ್ಲ ಪಿಡಿಎಫ್, ಯೂಟ್ಯೂಬ್ ಪಾಠ, ಟೆಲಿಗ್ರಾಂ ಗುಂಪಿನ ನೋಟ್ಸ್. ನಕ್ಷೆ, ಕೋಷ್ಟಕ, ಬಣ್ಣದ ಗುರುತು ಎಲ್ಲವೂ ಬೇಕು. ಅವರಿಗೆ ಮೊಬೈಲ್ ಬಿಟ್ಟು ಗತಿಯಿಲ್ಲ. ಆದರೆ ಡೆಲ್ಗಾಡೊ ಅವರ ಲೆಕ್ಕಾಚಾರ ಎಚ್ಚರಿಸುವುದು ಇಂಥ ಓದನ್ನೇ: ಮಾಹಿತಿಯ ಪಠ್ಯ, ಸಮಯದ ಒತ್ತಡ. ಮೊಬೈಲ್‌ನಲ್ಲಿ ನೋಡಿದ್ದನ್ನು ಕೈಯಾರೆ ಟಿಪ್ಪಣಿ ಮಾಡಿಕೊಳ್ಳುವ, ಮುಖ್ಯ ಅಧ್ಯಾಯಗಳ ಜೆರಾಕ್ಸ್ ಮಾಡಿಸಿಕೊಂಡು ಓದುವ ಹಳೆಯ ರೂಢಿಗೆ ಇದರಿಂದ ಬೆಂಬಲವೇ ಸಿಕ್ಕಿದೆ.

ನೆಟ್‌ವರ್ಕ್ ಮತ್ತು ಬೆಲೆ ಉಳಿದ ಎರಡು ಸಂಗತಿಗಳು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟ ಸೀಮೆಯ ಸೋಲಿಗರ ಪೋಡುಗಳಲ್ಲಿ ಟವರ್ ಸಿಗುವುದು ದಿಕ್ಕಿಗೊಂದು ಬಗೆ. ನೆಟ್ ಇದ್ದರಷ್ಟೇ ತೆರೆದುಕೊಳ್ಳುವ ಪುಸ್ತಕ ಅಲ್ಲಿ ಇದ್ದೂ ಇಲ್ಲದಂತೆ. ಒಮ್ಮೆ ತುಂಬಿಕೊಂಡರೆ ನೂರಾರು ಪುಸ್ತಕಗಳನ್ನು ನೆಟ್ ಇಲ್ಲದೆಯೂ ಓದಿಸುವ ಇ-ರೀಡರ್ ಇಂಥ ಕಡೆಗೇ ಹೆಚ್ಚು ಒಪ್ಪುತ್ತದೆ. ಆದರೆ 2025ರಲ್ಲಿ ಭಾರತಕ್ಕೆ ಬಂದ ಹೊಸ ಕಿಂಡಲ್ ಪೇಪರ್‌ವೈಟ್‌ನ ಬೆಲೆ ಆಗ ಸುಮಾರು 17 ಸಾವಿರ ರೂಪಾಯಿ ಇತ್ತು. ಅಷ್ಟು ಹಣಕ್ಕೆ ಒಂದು ಒಳ್ಳೆಯ ಮೊಬೈಲೇ ಬರುತ್ತದೆ. ದುಡಿದು ತಿನ್ನುವ ಮನೆಯವರು ಅದನ್ನೇ ಕೊಳ್ಳುವುದು ಸಹಜ.

ಆದ್ದರಿಂದ ಈ ಪ್ರಶ್ನೆಯನ್ನು ಮನೆಗಿಂತ ಗ್ರಂಥಾಲಯದ ಮಟ್ಟದಲ್ಲಿ ಕೇಳುವುದು ಹೆಚ್ಚು ಫಲಕಾರಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳು 1965ರ ಕಾಯ್ದೆಯ ಆಸರೆಯಲ್ಲಿ, ಆಸ್ತಿ ತೆರಿಗೆಯ ಮೇಲಿನ ಗ್ರಂಥಾಲಯ ಕರದಿಂದ ನಡೆಯುತ್ತಿವೆ. 2020ರಲ್ಲಿ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು; ಉಚಿತವಾಗಿ ಹೆಸರು ನೋಂದಾಯಿಸಿ ಓದಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು, ಮುಂದೆ ‘ಅರಿವು ಕೇಂದ್ರ’ಗಳಾದವು. ರಾಜ್ಯದಲ್ಲಿ ಇವು ಐದು ಸಾವಿರಕ್ಕೂ ಹೆಚ್ಚು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತವಾಗಿ ಕೊಟ್ಟಿತು. ಡಿಜಿಟಲ್ ಸೌಲಭ್ಯ ಬಂದ ಕೇಂದ್ರಗಳಲ್ಲಿ ಇರುವುದು ಕಂಪ್ಯೂಟರ್ ಮತ್ತು ಸ್ಮಾರ್ಟ್‌ಫೋನ್, ಅಂದರೆ ಬಹುಕೆಲಸದ ಪರದೆ. ಅವುಗಳ ಪಕ್ಕದಲ್ಲಿ ನಾಲ್ಕಾರು ಇ-ಇಂಕ್ ಸಾಧನಗಳನ್ನಿಟ್ಟು, ಪುಸ್ತಕದ ಹಾಗೆಯೇ ವಾರದ ಮಟ್ಟಿಗೆ ಮನೆಗೆ ಎರವಲು ಕೊಟ್ಟರೆ ಕಾಡಂಚಿನ ಹಳ್ಳಿಯ ಮಗುವಿಗೆ ಒಂದು ಪುಸ್ತಕದ ಬದಲು ಇಡೀ ಕಪಾಟು ಸಿಗುತ್ತದೆ. ಸಾಧನ ಹಂಚಿಕೆಯಾದಾಗ ಬೆಲೆಯ ಹೊರೆಯೂ ಹಂಚಿಹೋಗುತ್ತದೆ.

ಈ ಸಾಧನಗಳೊಳಗೆ ತುಂಬಲು ಹಕ್ಕಿನ ತಕರಾರಿಲ್ಲದ ಪುಸ್ತಕಗಳು ಕನ್ನಡದಲ್ಲಿ ಸಾಕಷ್ಟಿವೆ. ಭಾರತದ ಕಾಯ್ದೆಯಂತೆ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಮುದ್ದಣ, ಎಂ. ಎಸ್. ಪುಟ್ಟಣ್ಣ, ಪಂಜೆ ಮಂಗೇಶರಾಯರು, ಗಳಗನಾಥ, ಬಿ. ಎಂ. ಶ್ರೀಕಂಠಯ್ಯ, ಕೈಲಾಸಂ ಇವರು ತಮ್ಮ ಕಾಲದಲ್ಲಿ ಪ್ರಕಟಿಸಿದ ಕೃತಿಗಳೆಲ್ಲ ಈಗ ಎಲ್ಲರವು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ತಮ್ಮ ಕಾಲದಲ್ಲಿ ಪ್ರಕಟಿಸಿದ ಕಾದಂಬರಿಗಳೂ 2024ರ ಜನವರಿ 1ರಿಂದ ಈ ಸಾಲಿಗೆ ಸೇರಿವೆ. ಇವುಗಳ ಪುಟಗಳ ಚಿತ್ರ ಸಿಕ್ಕರೆ ಅರ್ಧ ಕೆಲಸ ಆದಂತೆ. ಚಿತ್ರದಿಂದ ಯುನಿಕೋಡ್ ಪಠ್ಯ ತೆಗೆಯುವ ಒಸಿಆರ್ ತಂತ್ರಾಂಶ ಈಗ ಕನ್ನಡವನ್ನೂ ಓದುತ್ತದೆ. ಕನ್ನಡ ವಿಕಿಸೋರ್ಸ್‌ನ ಸ್ವಯಂಸೇವಕರು ಪುಟ ಪುಟವಾಗಿ ಅದನ್ನು ತಿದ್ದುತ್ತಾರೆ, ಹಾಗೆ ತಿದ್ದಿದ ಪುಸ್ತಕವನ್ನು ಯಾರು ಬೇಕಾದರೂ ಇ-ಪಬ್ ಆಗಿ ಇಳಿಸಿಕೊಳ್ಳಬಹುದು. ಆ ಕಡತಕ್ಕೆ ಬೀಗವಿಲ್ಲ. ಮೊಬೈಲ್‌ನಲ್ಲೂ ತೆರೆಯುತ್ತದೆ, ಕನ್ನಡ ತೋರಿಸಬಲ್ಲ ಯಾವ ಇ-ರೀಡರ್‌ನಲ್ಲೂ ತೆರೆಯುತ್ತದೆ.